ಕೆಂಪು ಡಬ್ಬಿಯ ತೊಂಬತ್ತು ದಿನ

8-1-1996, ಸೋಮವಾರ. ಬೆಳಗಿನ ಜಾವ 3-10

ಚಿನ್ನು ಹಲ್ಲು ಕಡಿಯುವ ಸದ್ದಿಗೆ ಎಚ್ಚರ. ಕರಕರ... ಮತ್ತೆ ನಿದ್ದೆ ಹತ್ತಲಿಲ್ಲ. ಹೊಟ್ಟೆಯಲ್ಲಿ ಹುಳ ಇದ್ದರೆ ಹಾಗೆ ಕಡಿಯುತ್ತವೆ ಮಕ್ಕಳು ಅಂತಾರೆ ಅತ್ತೆ. ನನಗೆ ಹಾಗನ್ನಿಸುವುದಿಲ್ಲ. ಐದು ವರ್ಷದ ಮಗುವಿಗೆ ನನ್ನ ಭಯ ಅಂಟಿದೆ.

ಅಡುಗೆಮನೆ ದೀಪ ಹಾಕಿ ಕೂತಿದ್ದೇನೆ. ಎದುರಿಗೆ ಎರಡು. ಅಂಚೆಯಲ್ಲಿ ತರಿಸಿದ ನಲವತ್ತು ಪಾಠದ ಪುಸ್ತಕ. ಪಕ್ಕದಲ್ಲಿ ಕೆಂಪು ಡಬ್ಬಿಯ ಕರಪತ್ರ—ಎಂಟು ಕ್ಯಾಸೆಟ್, ನೂರಿಪ್ಪತ್ತು ಕಾರ್ಡು, ಒಂದು ಗೈಡು. ಎರಡೂ ಫೋನಿಕ್ಸ್. ಇಂಗ್ಲಿಷ್ ಅಕ್ಷರದ ಹೆಸರು ಬೇಡ, ಅದರ ಸದ್ದು ಕಲಿಸಿ ಅನ್ನುತ್ತವೆ. ಸದ್ದಿಗೆ ಸದ್ದು ಸೇರಿಸಿದರೆ ಪದ, ಮಗು ತಾನೇ ಓದುತ್ತದೆ. ಇಷ್ಟನ್ನು ನಮಗೆ ಯಾರೂ ಹೇಳಲಿಲ್ಲ. ಬಿ.ಎ. ಮುಗಿಸಿದರೂ ಇಂಗ್ಲಿಷ್ ಪೇಪರು ಹಿಡಿದರೆ ಕೈ ಬೆವರುತ್ತದೆ.

ಹೋದ ಜೂನ್‌ನಲ್ಲಿ ಕಾನ್ವೆಂಟಿನವರು ಬೆಕ್ಕಿನ ಕಾರ್ಡು ಹಿಡಿದು ಓದು ಅಂದರು. ಚಿನ್ನು ಚಿತ್ರ ನೋಡಿ, 'ನಮ್ಮನೆ ಬೆಕ್ಕು ಮೂರು ಮರಿ ಆಕದೆ' ಅಂದಳು. ಅವರು ನಕ್ಕರು. ನೆಕ್ಸ್ಟ್ ಇಯರ್ ನೋಡೋಣ ಅಂದರು. ಈ ಸಲದ ಇಂಟರ್‌ವ್ಯೂ ಏಪ್ರಿಲ್ 20. ಇದೂ ತಪ್ಪಿದರೆ ವಯಸ್ಸು ಮೀರುತ್ತದೆ, ತೆಗೆದುಕೊಳ್ಳುವುದಿಲ್ಲ.

ಯಾವುದು? ಪುಸ್ತಕವಾದರೆ ನಾನೇ ಓದಿ ಹೇಳಬೇಕು. ನನ್ನ ಬಾಯಲ್ಲಿ ಬರುವ ಇಂಗ್ಲಿಷನ್ನೇ ಅವಳು ಕಲಿತರೆ...

11-1, ಗುರುವಾರ. ಮಧ್ಯಾಹ್ನ

ಎದುರುಮನೆ ಶಿವಲಿಂಗಯ್ಯ ಮೇಷ್ಟ್ರನ್ನು ಕೇಳಿದೆ. ರಿಟೈರಾಗಿ ಆರು ವರ್ಷ. ಬೀದಿಗೆಲ್ಲ ಫೋನ್ ಇರುವುದು ಅವರ ಮನೆಯಲ್ಲಿ ಮಾತ್ರ. ಕನ್ನಡಕ ಏರಿಸಿ ಎರಡನ್ನೂ ತಿರುಗಿಸಿ ನೋಡಿದರು.

"ಗುಣಶೀಲಾ, ಒಂದ್ ಮಾತ್ ಹೇಳ್ತೀನಿ, ಬೇಜಾರ್ ಮಾಡ್ಕಬ್ಯಾಡ. ಮೊದ್ಲು ಕನ್ನಡ ಓದ್ಲಿ. ಸಾಯಂಕಾಲ ಕಳ್ಸು, ಸ್ಲೇಟ್ ಇಟ್ಕೊಂಡು ನಾನೇ ತಿದ್ಸ್ತೀನಿ. ಒಂದ್ ಸಲ ಓದೋದ್ ಬಂದ್ರೆ ಯಾವ್ ಭಾಷೆ ಆದ್ರೇನು?"

"ಏಪ್ರಿಲ್‌ಗೆ ಇಂಟರ್‌ವ್ಯೂ, ಸಾರ್."

"ಏಪ್ರಿಲ್ ಬಂದ್ರೆ ಬರ್ಲಿ ಬುಡವ್ವ, ಅದೇನ್ ಯಮನಾ?"

ಅವರಿಗೇನು. ಅವರ ಮಕ್ಕಳೆಲ್ಲ ಸೆಟ್ಲ್ ಆಗಿದ್ದಾರೆ. ಹೂಂ ಅಂದು ಬಂದೆ.

14-1, ಭಾನುವಾರ

ಕೆಂಪು ಡಬ್ಬಿಯವನು ಮನೆಗೇ ಬಂದ. ಮೈಸೂರಿನವನು, ಟೈ ಕಟ್ಟಿದ್ದ. ನಮ್ಮ ಟೇಪ್ ರೆಕಾರ್ಡರ್‌ಗೆ ಕ್ಯಾಸೆಟ್ ಹಾಕಿದ. ಒಬ್ಬಾಕೆಯ ದನಿ, ಎಷ್ಟು ಸ್ವಚ್ಛ! ಒಂದು ಸದ್ದು, ಒಂದು ಗಂಟೆಯ ಟಣ್, ಮತ್ತೆ ಸದ್ದು. ಚಿನ್ನು ಪೆಟ್ಟಿಗೆಯ ಹಿಂದೆ ಹೋಗಿ ಆಕೆಯನ್ನು ಹುಡುಕಿದಳು.

ಹೊರಡುವಾಗ ಅವನು ಬಾಗಿಲಲ್ಲಿ ನಿಂತು ಹೇಳಿದ— "ಒಂದೇ ಕಂಡೀಷನ್ ಮೇಡಂ. ತೊಂಬತ್ತು ದಿನ ಮಗುವಿನ ಕಿವಿಗೆ ಮನೆಯಲ್ಲಿ ಕನ್ನಡ ಬೀಳಬಾರದು. ಬಿತ್ತೋ, ನಾವು ಗ್ಯಾರಂಟಿ ಕೊಡಲ್ಲ."

ಆ ಮಾತೇ ನನಗೆ ಹಿಡಿಸಿತು. ಇಷ್ಟು ಕಟ್ಟುನಿಟ್ಟು ಇರುವುದು ಸುಳ್ಳಾಗಿರಲಾರದು ಅನ್ನಿಸಿತು. ತೀರ್ಮಾನ ಆಯಿತು. ಸಂಕ್ರಾಂತಿ ಕಳೆದ ಮೇಲೆ ಶುರು.

18-1. ಮೊದಲ ದಿನ

ಬೆಳಿಗ್ಗೆ ಎಲ್ಲರನ್ನೂ ಕೂರಿಸಿ ಹೇಳಿದೆ. ಇವರು ಸಕ್ಕರೆ ಕಾರ್ಖಾನೆಯ ನೈಟ್ ಶಿಫ್ಟ್ ಮುಗಿಸಿ ಬಂದಿದ್ದರು, ಆಕಳಿಸಿದರು. "ಏನಾರ ಮಾಡ್ಕೊ. ನಾನ್ ಮಲಗ್ದಾಗ ಆ ಟೇಪ್ ಹಾಕ್ಬ್ಯಾಡ, ಅಷ್ಟೆ."

ಅತ್ತೆ ರಾಗಿ ಕೇರುತ್ತಿದ್ದರು. ಮೊರ ನಿಲ್ಲಿಸಿದರು.

"ಅಂಗಾರೆ ನಾನ್ ಮಗೀಗೆ ಏನಂತ ಕೂಗ್ಲವ್ವ? ನಾನೇನ್ ದೊರೆ ಮನೆ ಸೊಸೆಯಾ ಇಂಗ್ಲೀಸ್ ಬರಾಕೆ?"

"ತೊಂಬತ್ತೇ ದಿನ, ಅತ್ತೆ."

"ಆಯ್ತು ಬುಡು. ಬಾಯ್ಗೆ ಬೀಗ ಆಕ್ಕತೀನಿ. ಮಗಿ ಓದಿ ಮುಂದಕ್ ಬಂದ್ರೆ ಸಾಕು."

ಜಗಳಕ್ಕೆ ತಯಾರಾಗಿದ್ದೆ. ಜಗಳವೇ ಆಗಲಿಲ್ಲ.

23-1

ಅತ್ತೆ ಮಾತು ಉಳಿಸಿಕೊಂಡಿದ್ದಾರೆ. ಚಿನ್ನು ಹತ್ತಿರ ಬಂದರೆ ಸೆರಗು ಬಾಯಿಗೆ ಅಡ್ಡ. ಊಟಕ್ಕೆ ಕರೆಯಲು ತಟ್ಟೆ ಬಡಿಯುತ್ತಾರೆ. ಜಡೆ ಹಾಕಬೇಕಾದರೆ ಬಾಚಣಿಗೆ ತೋರಿಸುತ್ತಾರೆ. ರಾತ್ರಿ ಕತೆ ಇಲ್ಲ. ಅವಳು 'ಅಜ್ಜಿ, ಕೋತಿ ಕತೆ' ಅಂದರೆ ಗೋಡೆ ಕಡೆ ತಿರುಗಿ ಮಲಗುತ್ತಾರೆ. ಮೂರು ದಿನ ಚಿನ್ನು ಇದನ್ನು ಆಟ ಅಂದುಕೊಂಡಿದ್ದಳು, ನಗುತ್ತಿದ್ದಳು. ನಿನ್ನೆ ನಗಲಿಲ್ಲ.

ನಾನು ನನಗೆ ಬಂದ ಇಂಗ್ಲಿಷ್ ಆಡುತ್ತೇನೆ. ಕಮ್, ಈಟ್, ಸ್ಲೀಪ್. ನಾಯಿಗೆ ಹೇಳಿದ ಹಾಗೆ ಕೇಳಿಸುತ್ತದೆ.

2-2. ಹದಿನಾರನೆಯ ದಿನ

ಓದಿದಳು! ಕಾರ್ಡಿನ ಮೂರು ಅಕ್ಷರಕ್ಕೆ ಬೆರಳಿಟ್ಟು, ಸದ್ದಿಗೆ ಸದ್ದು ಕೂಡಿಸಿ— ಬ್... ಆ... ಟ್... ಬ್ಯಾಟ್! ಹಿಂದೆ ಚಿತ್ರ ಇರಲಿಲ್ಲ. ಯಾರೂ ಹೇಳಿಕೊಡಲಿಲ್ಲ. ಅಡುಗೆಮನೆಗೆ ಓಡಿ ಹೋಗಿ ಅತ್ತೆ ಕೈ ಹಿಡಿದುಕೊಂಡೆ. ಅವರ ಕಣ್ಣು ತುಂಬಿತು. ಆಗಲೂ ಬಾಯಿಗೆ ಸೆರಗು.

ಇವರು ಕಾರ್ಖಾನೆಯಲ್ಲಿ ಎಲ್ಲರಿಗೂ ಹೇಳಿದ್ದಾರೆ. ಜೊತೆಯ ತಮ್ಮಯ್ಯ ಕೇಳಿದನಂತೆ, "ಏನ್ಲಾ ಸಿದ್ದರಾಜು, ನಿನ್ ಮಗ್ಳು ಕಲೆಕ್ಟ್ರು ಆಯ್ತಾಳಂತೆ? ನಮ್ಗೂ ಒಂದ್ ಸೈಟ್ ಕೊಡ್ಸ್ಲಾ." ಬಂದು ನಗುತ್ತಾ ಹೇಳಿದರು. ಬಹಳ ದಿನದ ಮೇಲೆ ನಕ್ಕರು.

27-2

ಕಾರ್ಡುಗಳೆಲ್ಲ ಬರುತ್ತವೆ. ಆದರೆ ಮಾತು ಕಡಿಮೆ. ನೀರು ಬೇಕಾದರೆ ಲೋಟ ತಂದು ಮುಂದೆ ಹಿಡಿಯುತ್ತಾಳೆ. ಬಿದ್ದು ಮಂಡಿ ತರಚಿತು, ಅಮ್ಮಾ ಅನ್ನಲಿಲ್ಲ. ಬಂದು ಮಂಡಿ ತೋರಿಸಿದಳು.

ಏಕಾಗ್ರತೆ ಇರಬೇಕು. ಹಾಗಂತ ಬರೆದುಕೊಳ್ಳುತ್ತಿದ್ದೇನೆ.

20-3, ಯುಗಾದಿ. ಅರವತ್ತಮೂರನೆಯ ದಿನ

ಎಷ್ಟು ದಿನ ಬರೆಯಲಿಲ್ಲ. ಬರೆದರೆ ನಿಜವಾಗುತ್ತದೆ ಅಂತ.

ಚಿನ್ನು ಮಾತಾಡಿ ಹನ್ನೊಂದು ದಿನ. ಇಂಗ್ಲಿಷೂ ಇಲ್ಲ, ಕನ್ನಡವೂ ಇಲ್ಲ. ಕ್ಯಾಸೆಟ್ಟಿನಾಕೆ ಕೇಳಿದ ಕಾರ್ಡು ಎತ್ತಿ ಕೊಡುತ್ತಾಳೆ, ಒಂದೂ ತಪ್ಪುವುದಿಲ್ಲ. ಬಾಯಿ ಬಿಡುವುದಿಲ್ಲ. ಬೇವು-ಬೆಲ್ಲ ಕೊಟ್ಟೆ. ಬೇಕೆಂದೇ ಬೇವು ಜಾಸ್ತಿ ಹಾಕಿ ಕೊಟ್ಟೆ, ಕಹಿ ಅಂತ ಕೂಗಲಿ ಅಂತ. ನುಂಗಿದಳು. ಕಣ್ಣಲ್ಲಿ ನೀರು ಬಂತು. ನುಂಗಿಬಿಟ್ಟಳು.

ಓದು ಬಂದಿದೆ. ಮಾತು ಹೋಗಿದೆ.

2-4, ಮಂಗಳವಾರ

ಡಾಕ್ಟರ ಹತ್ತಿರ ಹೋಗಿದ್ದೆವು. ಗಂಟಲು ಸರಿ, ಕಿವಿ ಸರಿ. "ಮನೇಲಿ ಏನಾದ್ರೂ ಆಯ್ತಾ? ಹೆದರಿದ್ಳಾ?" ಅಂದರು. ಏನೂ ಇಲ್ಲ ಸಾರ್ ಅಂದೆ. ಯಾಕೆ ಹಾಗಂದೆ?

ಅತ್ತೆ ಬಜೆಬೇರು ತೇಯ್ದು, ಜೇನಲ್ಲಿ ಕಲಸಿ ಅವಳ ನಾಲಿಗೆಗೆ ಹಚ್ಚಿದರು. ಎಳೆ ಮಕ್ಕಳಿಗೆ ಮಾತು ಬೇಗ ಬರಲಿ ಅಂತ ಹಚ್ಚುತ್ತಾರೆ. ಐದು ವರ್ಷ ವಟವಟ ಅಂದ ಮಗುವಿಗೆ ಈಗ. ಹಚ್ಚುವಾಗಲೂ ಒಂದು ಮಾತಾಡಲಿಲ್ಲ ಅತ್ತೆ, ನಾನು ಬೇಡ ಅಂದಿದ್ದೇನಲ್ಲ.

5-4

ಗೈಡನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ, ಡಿಕ್ಷನರಿ ಇಟ್ಟುಕೊಂಡು. ಎರಡು ಸಲ. ಮನೆಭಾಷೆ ಬೇಡ ಅನ್ನುವ ಮಾತು ಎಲ್ಲೂ ಇಲ್ಲ. ಒಂದೇ ಒಂದು ಸಾಲೂ ಇಲ್ಲ. ದಿನಕ್ಕೆ ಹದಿನೈದು ನಿಮಿಷ ಸಾಕು, ಆಮೇಲೆ ಮಗುವನ್ನು ಆಡಲು ಬಿಡಿ ಅಂತಿದೆ. ಕಂಡೀಷನ್ ಟೈ ಕಟ್ಟಿದವನದು. ಮಗು ಓದದಿದ್ದರೆ ತಪ್ಪು ನಮ್ಮದಾಗಲಿ ಅಂತ ಇಟ್ಟುಕೊಂಡ ಮಾತು. ನಾನು ಅದನ್ನು ವೇದ ಮಾಡಿದೆ.

ಓಡಿ ಹೋಗಿ ಅತ್ತೆಗೆ ಹೇಳಿದೆ. "ಮಾತಾಡಿ ಅತ್ತೆ. ಏನು ಬೇಕಾದರೂ ಮಾತಾಡಿ. ನನ್ನದೇ ತಪ್ಪು."

ಅತ್ತೆ ನನ್ನನ್ನು ಬೈಯಲಿಲ್ಲ. ಚಿನ್ನುವನ್ನು ತೊಡೆ ಮೇಲೆ ಕೂರಿಸಿಕೊಂಡರು. "ನನ್ ಚಿನ್ನ, ನನ್ ಬಂಗಾರ, ಬಾವ್ವ, ಕ್ವಾತಿ ಕತೆ ಏಳ್ಲಾ?" ಅಂದರು. ಎಪ್ಪತ್ತೊಂಬತ್ತು ದಿನದ ಮೇಲೆ.

ಚಿನ್ನು ಗಾಬರಿಯಾಗಿ ನನ್ನ ಕಡೆ ನೋಡಿದಳು. ಪುಟ್ಟ ಕೈ ಎತ್ತಿ ಅಜ್ಜಿಯ ಬಾಯಿ ಮುಚ್ಚಿದಳು. ಗಟ್ಟಿಯಾಗಿ. ಬಿಡಿಸಿದರೆ ಮತ್ತೆ ಮುಚ್ಚಿದಳು.

ಅತ್ತೆ ಅತ್ತರು. ಅಳುವ ಸದ್ದಿಗೂ ಆ ಕೈ ತೆಗೆಯಲಿಲ್ಲ.

17-4, ಬುಧವಾರ

ತೊಂಬತ್ತು ದಿನ ನಿನ್ನೆಗೆ ಮುಗಿಯಿತು. ಇವರಿಗೆ ಇಂಟರ್‌ವ್ಯೂ ಬಿಡಲು ಮನಸ್ಸಿಲ್ಲ.

"ಕಾರ್ಡ್ ತೋರಿಸ್ತಾಳಲ್ಲ, ಸಾಕು. ಅಲ್ಲಿಗೋದ್ರೆ ತಾನೇ ಬಾಯ್ ಬಿಡ್ತಾಳೆ."

"ಬಿಡದಿದ್ದರೆ?"

"ಎರಡ್ ಬಿಟ್ರೆ ಬಿಡ್ತಾಳೆ. ನೀನೇ ಅಲ್ವಾ ಶುರು ಮಾಡಿದ್ದು? ಊರಿಗೆಲ್ಲ ಹೇಳ್ಬುಟ್ಟು ಈಗ ನಾನ್ ಮಕ ಎಲ್ಲಿಡ್ಲಿ?"

ನಾನೇ ಶುರು ಮಾಡಿದ್ದು. ನಿನ್ನೆ ಸಂಜೆ ಇವರು ಅವಳನ್ನು ನಿಲ್ಲಿಸಿಕೊಂಡು 'ಹೇಳು, ಹೇಳು' ಅಂತ ಎರಡು ಏಟು ಹಾಕಿದರು. ಅಳಲೂ ಇಲ್ಲ ಅವಳು. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು.

19-4, ಶುಕ್ರವಾರ. ಸಂಜೆ 6-30

ಅತ್ತೆ ಇಲ್ಲ. ಚಿನ್ನು ಇಲ್ಲ. ನ್ಯಾಯಬೆಲೆ ಅಂಗಡಿಯಿಂದ ಬಂದರೆ ಮನೆಗೆ ಬೀಗ.

ಬೀಗದ ಕೈ ಮೇಷ್ಟ್ರ ಹತ್ತಿರ. ಅವರು ಹೇಳಿದ್ದು ಹಾಗೆಯೇ ಬರೆಯುತ್ತೇನೆ. "ನಾಗಮಂಗಲದ್ ಬಸ್ ಹತ್ತುದ್ರು ಕಣವ್ವ, ತೌರೂರಿಗೆ. 'ಇಲ್ಲಿ ಮಗೀಗೆ ಬಾಯ್ ಬುಡಾಕೆ ಭಯ. ನಮ್ಮೂರಲ್ಲಿ ಐಕಳ ಜೊತೆ ಮಣ್ಣಲ್ಲಿ ಬುಡ್ತೀನಿ. ಮಾತ್ ಬಂದ್ಮ್ಯಾಕೆ ಕರ್ಕ ಬತ್ತೀನಿ, ಅಲ್ಲೀಗಂಟ ಯಾರೂ ಬರ್ಬ್ಯಾಡಿ' ಅಂತ ನಿನ್ಗೆ ಹೇಳಕ್ ಹೇಳುದ್ರು."

ಎದೆಯ ಒಂದು ಮೂಲೆಯಲ್ಲಿ ಸಮಾಧಾನ ಆಯಿತು. ಒಂದು ಗಳಿಗೆ ಅಷ್ಟೆ.

19-4. ರಾತ್ರಿ 11-45

ಇವರಿಗೆ ಗೊತ್ತಾಗಿದೆ. ತಮ್ಮಯ್ಯನ ಮೋಟಾರ್‌ಬೈಕು ತಂದು ಬಾಗಿಲಲ್ಲಿ ನಿಲ್ಲಿಸಿದ್ದಾರೆ. ಐದಕ್ಕೆ ಹೊರಟು ಅವಳನ್ನು ಎಬ್ಬಿಸಿಕೊಂಡು ಬಂದು ಹತ್ತು ಗಂಟೆಗೆ ಕಾನ್ವೆಂಟಿನಲ್ಲಿ ನಿಲ್ಲಿಸುತ್ತಾರಂತೆ. ಕಾಲು ಹಿಡಿದೆ. ಬೇಡ, ಈ ವರ್ಷ ಬೇಡ, ಯಾವ ವರ್ಷವೂ ಬೇಡ ಅಂದೆ. "ಅಲ್ಲಿ ಮಾತಾಡವ್ಳೆ ಅಂತ ಗೊತ್ತಾದ್ರೆ ಬುಡ್ತೀನಿ. ಇಲ್ದಿದ್ರೆ ನಾನೇ ಮಾತಾಡ್ಸ್ತೀನಿ" ಅಂದು ಮಲಗಿದರು. ಹೇಗೆ ಮಾತಾಡಿಸುತ್ತಾರೆ ಅಂತ ನೋಡಿದ್ದೇನೆ.

ಆ ಊರಲ್ಲಿ ಫೋನಿಲ್ಲ. ನಾನು ಯಾರಿಗೂ ತಿಳಿಸಲಾರೆ. ತಿಳಿಸಬಹುದಾದವರು ನೀವೊಬ್ಬರೇ, ಅತ್ತೆ.

ನಿಮಗೆ ಓದಲು ಬರುವುದಿಲ್ಲ. ಈ ಪುಸ್ತಕ ಇಲ್ಲಿದೆ, ನೀವು ಅಲ್ಲಿದ್ದೀರಿ. ಗೊತ್ತು. ಆದರೂ ಬರೆಯುತ್ತೇನೆ, ಬೇರೇನು ಮಾಡಲಿ.

ಅತ್ತೆ, ಯಾರನ್ನಾದರೂ ಎಬ್ಬಿಸಿ. ಚಿನ್ನುವನ್ನು ಕರೆದುಕೊಂಡು ನಿಮ್ಮ ತಮ್ಮನ ಗಾಡಿಯಲ್ಲಿ ಬೆಳ್ಳೂರು ಕ್ರಾಸಿಗೆ ಬನ್ನಿ. ಅಲ್ಲಿ ರಾತ್ರಿಯೆಲ್ಲ ಬಸ್ಸು ನಿಲ್ಲುತ್ತವೆ, ಹೋಟೆಲು ಪಕ್ಕದ ಎಸ್.ಟಿ.ಡಿ. ಬೂತು ತೆರೆದಿರುತ್ತದೆ. ಕೆ.ಆರ್. ಪೇಟೆ ಶಿವಲಿಂಗಯ್ಯ ಮೇಷ್ಟ್ರ ಮನೆ ಅಂದರೆ ಬೂತಿನವನು ಪುಸ್ತಕದಲ್ಲಿ ನಂಬರು ಹುಡುಕಿಕೊಡುತ್ತಾನೆ. ಮೇಷ್ಟ್ರು ಫೋನನ್ನು ಕಿಟಕಿಗೆ ತಂದು ಇಟ್ಟಿದ್ದಾರೆ. ನಾನು ಅವರ ಜಗುಲಿಯಲ್ಲೇ ಕೂತಿರುತ್ತೇನೆ. ನನ್ನ ಜೊತೆ ನೀವು ಮಾತಾಡಬೇಡಿ, ಬೈಯಬೇಕಾದರೆ ಆಮೇಲೆ ಬೈಯಿರಿ. ಫೋನನ್ನು ಅವಳ ಬಾಯಿಗೆ ಹಿಡಿಯಿರಿ. ಒಂದು ಮಾತು. ಯಾವ ಭಾಷೆಯದಾದರೂ ಸರಿ, ಬೈಗುಳವಾದರೂ ಸರಿ. ಇವರನ್ನು ಎಬ್ಬಿಸಿ ಆ ದನಿ ಕೇಳಿಸುತ್ತೇನೆ. ಮಾತು ಬಂದಿರದಿದ್ದರೂ ಫೋನ್ ಮಾಡಿ, ಬಂದಿದೆ ಅಂತ ಸುಳ್ಳು ಹೇಳಿ, ನಿಮ್ಮ ಮಗ ನಿಮ್ಮ ಮಾತು ನಂಬುತ್ತಾರೆ. ಐದಕ್ಕೆ ಮೊದಲು. ಬೆಳಗಾಗುವುದರೊಳಗೆ, ನಿಮ್ಮ ದಮ್ಮಯ್ಯ, ಅತ್ತೆ, ಒಂದು ಫೋನ್...