ಗದರುವ ಅಕ್ಕನ ಹಾಡು

ಮುದ್ದಯ್ಯ,

ನಾನು ಸಿದ್ದಲಿಂಗಮ್ಮ, ನಿನ್ನ ಅಕ್ಕ, ಕ್ಯಾತನಹಳ್ಳಿಯ ಈ ಮನೆಯ ಯಜಮಾನಿ. ಇಲ್ಲಿ ನನಗೆ ಎದುರಾಡಿದವನು ನೀನೊಬ್ಬನೇ. ನೀನು ಸತ್ತು ಮೂರು ವರ್ಷವಾದರೂ ನನ್ನ ಸಿಟ್ಟು ಇಳಿದಿಲ್ಲ.

ಇವತ್ತು ನಾಮಕರಣದಲ್ಲಿ ಮೊಮ್ಮಗ ಒಂದೇ ಸಮನೆ ಅತ್ತ. ಸೊಸೆ ಸ್ನೇಹ ಮೊಬೈಲಿನಲ್ಲಿ ನೀನು ಮಕ್ಕಳಿಗೆಂದು ಕಟ್ಟಿದ ಹಾಡು ಹಾಕಿದಳು. ಕೋಲು ಹಿಡಿದು ಗದರುವ ಅಕ್ಕನ ಹಾಡು! "ಇದು ನಮ್ಮಜ್ಜೀನೇ ಕಣ್ಲಾ!" ಎಂದು ಮಕ್ಕಳೆಲ್ಲ ನನ್ನನ್ನೇ ತೋರಿಸಿ ನಕ್ಕವು.

ಹಾರ್ಮೋನಿಯಂ ಹೊತ್ತು ಶಾಲೆ ಶಾಲೆ ಸುತ್ತುವವನಿಗೆ ಈ ಮನೆಯಲ್ಲಿ ಅನ್ನವಿಲ್ಲ ಎಂದವಳು ನಾನು. ಅದನ್ನು ಬಿಟ್ಟು, ಹಾಡಿನ ಕೊನೆಗೆ ಎಲ್ಲರಿಗೂ ಬಡಿಸಿ ಅಕ್ಕ ತಳ ಹಿಡಿದ ಅನ್ನ ತಿಂದಳೆಂದು ಹಾಡಿದ್ದೀಯ. ಅದನ್ನು ಹಾಡು ಎಂದು ನಿನಗೆ ಹೇಳಿದವರಾರು?

ಮಗು ಸುಮ್ಮನಾಯಿತು. "ಅತ್ತೆ, ಸಿದ್ಧಾರ್ಥ ಅಂತ ಕಿವೀಲಿ ಹೇಳಿ," ಎಂದಳು ಸ್ನೇಹ.

ನಾನು ಬಗ್ಗಿ ಮೂರು ಸಲ ಮುದ್ದಯ್ಯ ಎಂದೆ.