ಹೊಸ ಬೇಸ್ ಗಿಟಾರ್ ಹೇಳಿದ್ದು

ಅಕ್ಕಾ,

ಇದನ್ನು ನಿನಗೆ ಕಳಿಸುವ ಧೈರ್ಯ ನನಗಿಲ್ಲ.

ಇವತ್ತು ಮಧ್ಯಾಹ್ನ ಅಭ್ಯಾಸದ ಕೋಣೆಗೆ ನನ್ನ ಹೊಸ ಬೇಸ್ ಗಿಟಾರ್ ಬಂತು. ಎಲ್ಲಿ ಒತ್ತಿದರೂ ಸ್ವರ ಕೂದಲೆಳೆಯಷ್ಟೂ ಆಚೀಚೆ ಆಗುವುದಿಲ್ಲ. ನೋಡೋಣವೆಂದು ನೀನು ಒಬ್ಬಳೇ ಹಾಡಿದ ಹಳೆಯ ರೆಕಾರ್ಡಿಂಗ್ ಹಾಕಿ ಜೊತೆಗೆ ನುಡಿಸಿದೆ. ದನಿ ಎತ್ತರಕ್ಕೆ ಏರುವ ಆ ಜಾಗದಲ್ಲಿ ಎಂದಿನಂತೆ ನೀನು ಶ್ರುತಿಯಿಂದ ಇಳಿದುಬಿಡುತ್ತೀಯೆಂದು ಕಾದೆ. ನೀನು ಇಳಿಯಲಿಲ್ಲ.

ಹಳೆಯ ಗಿಟಾರ್ ಎತ್ತಿಕೊಂಡು ಅದೇ ಜಾಗ ನುಡಿಸಿದೆ. ಅದರ ಕತ್ತು ಬಾಗಿದೆ. ಒತ್ತದೆ ಮೀಟಿದರೆ ತಂತಿಗಳೆಲ್ಲ ಸರಿ, ಒತ್ತುತ್ತಾ ಹೋದಂತೆ ಸ್ವರ ಇರಬೇಕಾದ್ದಕ್ಕಿಂತ ಮೇಲೇರುತ್ತದೆ. ನಾನು ದಿನವೂ ಒತ್ತದೆಯೇ ಶ್ರುತಿ ನೋಡುತ್ತಿದ್ದೆ. ಏರುತ್ತಿದ್ದದ್ದು ನನ್ನ ಗಿಟಾರ್, ಇಳಿದಂತೆ ಕೇಳಿಸುತ್ತಿದ್ದದ್ದು ನಿನ್ನ ದನಿ.

ನೀನು ನಮ್ಮ ತಂಡದಲ್ಲಿ ಹಾಡುತ್ತಿದ್ದಾಗ ಎಲ್ಲರೆದುರು ನಾನು ಬಾಯಿ ಬಿಟ್ಟದ್ದು ಒಂದೇ ಸಲ: "ಅಕ್ಕಂಗೆ ಶ್ರುತಿ ನಿಲ್ತಿಲ್ಲ." ಮಾತಾಡದವಳು ಮಾತಾಡಿದಳೆಂದು ತಂಡದವರೆಲ್ಲ ನಂಬಿದರು. ನೀನೂ ನಂಬಿದೆ. ಮೈಕಿನ ವೈರನ್ನು ನೀಟಾಗಿ ಸುತ್ತಿಟ್ಟು ಹೋದವಳು ಮನೆಯಲ್ಲೂ ಗುನುಗಲಿಲ್ಲ. ಊರು ಬಿಟ್ಟ ಮೇಲೆ ನನ್ನ ಫೋನನ್ನೂ ಎತ್ತಲಿಲ್ಲ.

ಹೊಸ ಹಾಡುಗಾರ್ತಿ ಹಾಡುವಾಗಲೂ ಕಳೆದ ವಾರ ಮುಖ ಸಿಂಡರಿಸಿದ್ದೆ. ಇನ್ನು ಯಾರ್‍ಯಾರನ್ನು ಹೀಗೆ ಅಳೆದಿದ್ದೇನೋ ಎಂದು ಭಯವಾಗುತ್ತದೆ. ನಿಜ ಹೇಳಿದರೆ ನಾಳೆಯಿಂದ ನನ್ನ ಕಿವಿಯನ್ನು ಯಾರು ನಂಬುತ್ತಾರೆ?

ಮಧ್ಯಾಹ್ನ ಹಳೆಯ ಗಿಟಾರ್ ಕೆಳಗಿಡುವಷ್ಟರಲ್ಲಿ ನಮ್ಮ ಡ್ರಮ್ಮರ್ ಒಳಗೆ ಬಂದ.

"ಏನಮ್ಮಾ ಮಾತಿನಮಲ್ಲಿ, ದೆವ್ವ ಕಂಡೋಳ ಥರ ಕೂತಿದೀಯಾ! ಹೇಗಿದೆ? ಹಳೇದಕ್ಕೂ ಇದಕ್ಕೂ ಏನ್ ವ್ಯತ್ಯಾಸ?"

"ಏನಿಲ್ಲ," ಅಂದೆ. "ಇದು ಸ್ವಲ್ಪ ಭಾರ."