ಆ ಮಗು ನಾನೇ

6-3-1968, ಬುಧವಾರ

ಮತ್ತೆ ಕಂಡಿಕೆ. ಅಪ್ಪಯ್ಯಣ್ಣನ ಮಗ್ಗದ ಮನೆಯಲ್ಲಿ ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಲಾಳಿಯ ಕಂಡಿಕೆಗೆ ನೂಲು ಸುತ್ತುವುದು. ಮನೆಗೆ ಬಂದರೂ ಕಿವಿಯಲ್ಲಿ ಲಟಕ್ ಲಟಕ್... ಎಸ್ಸೆಸ್ಸೆಲ್ಸಿ ಪಾಸಾಗಿ ಎರಡು ವರ್ಷ. ಇದಕ್ಕಾ ಓದಿದ್ದು?

ಊಟದ ಹೊತ್ತಲ್ಲಿ ಚರ್ಚಿನ ಅಯ್ಯನವರ ಹತ್ತಿರ ಹೋಗಿದ್ದೆ. ಮಿಷನ್ ಆಸ್ಪತ್ರೆಯಲ್ಲಿ ಡ್ರೆಸ್ಸರ್ ಕೆಲಸ ಖಾಲಿ ಇದೆ. ಗಾಯ ತೊಳೆದು ಕಟ್ಟುವ ಕೆಲಸ. ಇರಲು ಕ್ವಾರ್ಟರ್ಸ್. ಬೇಕಾದ್ದು ಒಂದೇ — ‘ಭಕ್ತಿಯುಳ್ಳ ಹುಡುಗ’ ಅಂತ ಅಯ್ಯನವರ ಕೈಬರಹದ ಕಾಗದ.

“ಏನಂತ ಬರೀಲಪ್ಪಾ? ಬುಧವಾರದ ಪ್ರಾರ್ಥನೆ ಕೂಟದಲ್ಲಿ ನಿನ್ನ ಮುಖಾನೇ ನೋಡಿಲ್ಲ. ಒಂದು ದಿನ ಎದ್ದು ಸಾಕ್ಷಿ ಹೇಳಿಲ್ಲ. ಕರ್ತನು ನಿನಗೆ ಏನು ಮಾಡಿದ್ದಾನೆ ಅಂತ ಸಭೆಗೆ ಗೊತ್ತಾಗಬೇಕಲ್ಲ.”

ಏನು ಮಾಡಿದ್ದಾನೆ? ಕಂಡಿಕೆ ಕೊಟ್ಟಿದ್ದಾನೆ.

10-3-68, ಭಾನುವಾರ

ಆರಾಧನೆ ಮುಗಿದ ಮೇಲೆ ಸೊಣ್ಣಮ್ಮಜ್ಜಿಗೆ ಬಾವಿಯಿಂದ ನೀರು ಸೇದಿಕೊಟ್ಟೆ. ಚರ್ಚ್ ಗುಡಿಸುವವಳು, ಗಂಟೆ ಹೊಡೆಯುವವಳು. ದೀಕ್ಷಾಸ್ನಾನದಲ್ಲಿ ಮಾರ್ತಮ್ಮ ಅಂತ ಹೆಸರಿಟ್ಟರಂತೆ, ಹಾಗೆ ಯಾರೂ ಕರೆಯುವುದಿಲ್ಲ. ದಿನಾ ಮೊಣಕಾಲೂರುತ್ತಾಳೆ, ಪ್ರಾರ್ಥನೆಯಲ್ಲಿ ತುಟಿಯೂ ಅಲ್ಲಾಡುವುದಿಲ್ಲ. ಇಷ್ಟು ದಿನ ನಿದ್ದೆ ಮಾಡ್ತಾಳೆ ಅಂದುಕೊಂಡಿದ್ದೆ.

“ಅಜ್ಜಿ, ನಿನಗೆ ಕರ್ತನು ಏನಾದ್ರೂ ಮಾಡಿದ್ದಾನಾ?” ತಮಾಷೆಗೆ ಕೇಳಿದೆ.

ಕೊಡ ಕೆಳಗಿಟ್ಟಳು. ಹೇಳಿದಳು. ವಯಸ್ಸಿನಲ್ಲಿದ್ದಾಗ ಮಾಕಳಿದುರ್ಗದ ಹತ್ತಿರ ಇದ್ದಳಂತೆ. ಮಗುವಿಗೆ ಜ್ವರ. ಬಸ್ಸಿಲ್ಲ. ಹೊತ್ತುಕೊಂಡು ರೈಲು ಕಂಬಿ ಗುಂಟ ದೊಡ್ಡಬಳ್ಳಾಪುರಕ್ಕೆ ಹೊರಟಳು. ನಡುದಾರಿಯಲ್ಲಿ ಕಾಲು ಸೋತು ಕುಸಿದು ಕೂತು, ‘ಸ್ವಾಮಿ, ನಡೆಯಕ್ಕೆ ಶಕ್ತಿ ಕೊಡು’ ಅಂದಳು. ಏರಿನಲ್ಲಿ ನಿಧಾನಕ್ಕೆ ಬರುತ್ತಿದ್ದ ಗೂಡ್ಸ್ ಗಾಡಿ ನಿಂತಿತು. ಗಾರ್ಡು ಇಳಿದು ಬಂದು ಇಬ್ಬರನ್ನೂ ಹತ್ತಿಸಿಕೊಂಡ —

ಅಷ್ಟರಲ್ಲಿ ಅಯ್ಯನವರ ಹೆಂಡತಿ ಅವಳನ್ನು ಕೂಗಿದರು. ಅಲ್ಲಿಗೇ ನಿಂತಿತು. ನನಗೆ ಅಷ್ಟೇ ಸಾಕಿತ್ತು.

13-3-68, ಬುಧವಾರ

ಕೂಟದಲ್ಲಿ ಎದ್ದು ಸಾಕ್ಷಿ ಹೇಳಿಬಿಟ್ಟೆ.

ಅವ್ವ ಇಲ್ಲ. ಅಪ್ಪ ಹೊಸಕೋಟೆಯಲ್ಲಿ. ನಾನು ಈ ಊರಿನ ಹಾಸ್ಟೆಲಿಗೆ ಬಂದದ್ದೇ ಎಂಟನೇ ಕ್ಲಾಸಿಗೆ. ನನ್ನ ಚಿಕ್ಕಂದಿನದು ಇಲ್ಲಿ ಯಾರಿಗೂ ಗೊತ್ತಿಲ್ಲ. ಅವ್ವನ ತವರು ಮಾಕಳಿ ಕಡೆ ಅಂದೆ. ಕಂಬಿ ಗುಂಟ ಹೊತ್ತು ನಡೆದವಳು ಅವ್ವ. ಗೂಡ್ಸ್ ನಿಂತಿತು. ಆಮೇಲೆ ಎದೆ ಮೇಲೆ ಕೈ ಇಟ್ಟು — “ಆ ಮಗು ನಾನೇ!”

ಹೆಂಗಸರು ಕಣ್ಣೊರೆಸಿಕೊಂಡರು. ಅಯ್ಯನವರು ತಬ್ಬಿಕೊಂಡರು. ಈಸ್ಟರಿಗೆ ಮುಂಚಿನ ಗರಿಗಳ ಭಾನುವಾರ ಬಿಷಪ್ಪರು ಬರುತ್ತಾರೆ, ಅವರ ಮುಂದೆಯೂ ಹೇಳಬೇಕಂತೆ. ಅವತ್ತೇ ಕಾಗದ.

ಆಮೆನ್ ಅಂದ ಮೇಲೆ ನೋಡುತ್ತೇನೆ — ಬಾಗಿಲ ಹತ್ತಿರ ಸೊಣ್ಣಮ್ಮಜ್ಜಿ. ಬುಧವಾರ ಒಳಗೆ ಬರುವುದೇ ಇಲ್ಲ ಅವಳು! ಚಾಪೆ ಸುತ್ತಿದಳು.

ಬೈದಿದ್ದರೆ ಚೆನ್ನಾಗಿತ್ತು.

22-3-68

ಮಗ್ಗದ ಮನೆಗೂ ಸುದ್ದಿ ಬಂದಿದೆ. ಪಕ್ಕದ ಮಗ್ಗದ ಕೊಂಡಪ್ಪ ದಿನಾ ಕಾಡುತ್ತಾನೆ. “ರೈಲ್ ಸ್ವಾಮಿಗಳು ಬಂದ್ರು, ದಾರಿ ಬಿಡ್ರಲೋ! ಗುರು, ನಮ್ಮ ಕರೆಂಟೂ ಒಸಿ ನಿಲ್ಲಿಸು, ಬೀಡಿ ಸೇದ್ಬೇಕು.”

ಅಪ್ಪಯ್ಯಣ್ಣ ನಗಲಿಲ್ಲ. “ಬಿಡ್ಲಾ, ದೇವ್ರ ವಿಚಾರ” ಅಂದ.

ಸೊಣ್ಣಮ್ಮಜ್ಜಿ ಇನ್ನೂ ಯಾರಿಗೂ ಹೇಳಿಕೊಟ್ಟಿಲ್ಲ. ಬಾವಿ ಕಡೆ ಹೋಗುವುದು ಬಿಟ್ಟಿದ್ದೇನೆ.

29-3-68, ಶುಕ್ರವಾರ

ಅಪ್ಪಯ್ಯಣ್ಣನ ಮೊಮ್ಮಗಳು ವರಲಕ್ಷ್ಮಿಗೆ ಮೂರು ದಿನದಿಂದ ಜ್ವರ. ನಾಲ್ಕು ವರ್ಷದ ಕೂಸು. ಮಗ್ಗ ನಿಲ್ಲಿಸಿ ಬಂದು ನನ್ನ ಕೈ ಹಿಡಿದ. “ಬಾಪ್ಪಾ. ನಿನ್ನ ಮಾತು ಕೇಳೋ ದೇವ್ರು ಅದು.”

ಇಷ್ಟು ದಿನ ‘ಲೋ’ ಅನ್ನುತ್ತಿದ್ದವನು ‘ಬಾಪ್ಪಾ’ ಅಂದ. ಹೋದೆ. ತಲೆ ಮೇಲೆ ಕೈ ಇಟ್ಟು ಜೋರಾಗಿ, ಅಯ್ಯನವರ ಹಾಗೆಯೇ ರಾಗ ಎಳೆದು ಪ್ರಾರ್ಥನೆ ಮಾಡಿದೆ. ಹೊಸ ಲೋಟದಲ್ಲಿ ಕಾಫಿ ಕೊಟ್ಟರು.

30-3-68

ಜ್ವರ ಇಳಿದಿದೆಯಂತೆ!! ಕೊಂಡಪ್ಪ ಕೂಡ ಇವತ್ತು ‘ರೈಲ್ ಸ್ವಾಮಿ’ ಅನ್ನಲಿಲ್ಲ.

ಒಂದು ವೇಳೆ ನನ್ನಲ್ಲೇ ಏನಾದರೂ ಇದ್ದರೆ? ಇರಬಹುದು... ಯಾಕಿರಬಾರದು?

5-4-68, ಶುಕ್ರವಾರ

ಜ್ವರ ಮತ್ತೆ ಬಂದು ಮೂರು ದಿನ. ದಿನಾ ಎರಡು ಸಲ ಹೋಗುತ್ತಿದ್ದೇನೆ. ಮಗು ಎದೆ ಎಳೆಯುತ್ತಿದೆ. ಗೋಡೆಗೂಡಿನಲ್ಲಿ ಡಾಕ್ಟರ ಮಾತ್ರೆ ಹಾಗೇ ಇದೆ, ಪೊಟ್ಟಣ ಕೂಡ ಬಿಚ್ಚಿಲ್ಲ.

“ಮಾತ್ರೆ ಕೊಡಣ್ಣಾ” ಅಂದೆ.

“ಕೊಟ್ರೆ ನಿಮ್ಮ ದೇವ್ರಿಗೆ ನಂಬಿಕೆ ಇಲ್ಲ ಅನ್ಸಲ್ವೇನಪ್ಪಾ? ರೈಲು ನಿಲ್ಲಿಸಿದೋನಿಗೆ ಇದ್ಯಾವ ಮಹಾ.”

ಹೇಳಬೇಕು. ಹೇಳಿದರೆ ನಾಡಿದ್ದು ಬಿಷಪ್ಪರು... ಕಾಗದ... ಸೋಮವಾರ ಹೇಳೋಣ. ನಡುವೆ ಎರಡೇ ದಿನ.

6-4-68, ಶನಿವಾರ, ಸಂಜೆ

ಬೆಳಿಗ್ಗೆ ಮಗು ಕಣ್ಣು ಬಿಡಲಿಲ್ಲ. ನಾನು ಪ್ರಾರ್ಥನೆ ಅರ್ಧಕ್ಕೆ ಬಿಟ್ಟು ಓಡಿದೆ. ಯಾಕೋ ಸೊಣ್ಣಮ್ಮಜ್ಜಿ ಹತ್ತಿರವೇ. ನಾಳೆಗೆ ಅಂತ ಈಚಲು ಗರಿ ಸೀಳುತ್ತಾ ಕೂತಿದ್ದಳು. ಎಲ್ಲ ಹೇಳಿದೆ. ಕೊನೆಗೆ ಕೇಳಿದೆ, “ಗೂಡ್ಸಿಂದ ಇಳಿದ ಮೇಲೆ ನಿನ್ನ ಮಗ ಹೆಂಗೆ ಹುಷಾರಾದ ಅಜ್ಜಿ?”

“ಮಗ ಅಲ್ಲ ಕಣಪ್ಪ, ಮಗಳು. ಉಳೀಲಿಲ್ಲ. ಆಸ್ಪತ್ರೆ ಮೆಟ್ಟಿಲ ಮ್ಯಾಲೇ ಹೋಯ್ತು.”

“ಮತ್ತೆ ದಿನಾ ಯಾಕೆ ಮೊಣಕಾಲೂರ್ತೀಯ?!”

“ನಾನು ಕೇಳಿದ್ದು ನಡೆಯಕ್ಕೆ ಶಕ್ತಿ. ಕೊಟ್ಟ. ಆವತ್ತು ಒಬ್ಳೇ ವಾಪಸ್ ನಡ್ಕೊಂಡು ಹೋದ್ನಲ್ಲ, ಅದಕ್ಕೂ ಅವ್ನೇ ಕೊಟ್ಟ.” ಗರಿ ಪಕ್ಕಕ್ಕಿಟ್ಟಳು. “ನೀನು ಕದ್ದಿದ್ದಕ್ಕೆ ಬೇಜಾರಿಲ್ಲ. ಆದ್ರೆ ಅವಳು ಬದುಕಿದ್ಲು ಅಂದ್ಯಲ್ಲ... ಅವತ್ತು ಒಂದು ಗಳಿಗೆ ನನಗೂ ನಂಬೋಣ ಅನ್ನಿಸ್ಬಿಡ್ತು. ಏಳು. ಆ ಕೂಸಿಂತಾವ ಹೋಗಾನ.”

ಹೋದೆವು. ಅಪ್ಪಯ್ಯಣ್ಣ, ಸೊಸೆ, ಕೊಂಡಪ್ಪ, ಎಲ್ಲರೂ ಇದ್ದರು. ಹೇಳಿದೆ. “ರೈಲು ಹತ್ತಿದ ಮಗು ನಾನಲ್ಲಣ್ಣ. ಈ ಅಜ್ಜಿ ಮಗಳು. ಸತ್ತೋಯ್ತು. ನಾನು ಸುಳ್ಳು ಹೇಳ್ದೆ. ಮೊದ್ಲು ಆಸ್ಪತ್ರೆಗೆ ಎತ್ಕೊಂಡು ನಡಿ!”

ಅಪ್ಪಯ್ಯಣ್ಣ ಬಾರಿಸಿದ. ಕಿವಿ ಇನ್ನೂ ಗುಂಯ್ ಅನ್ನುತ್ತಿದೆ. ಆಮೇಲೆ ಮಗುವನ್ನು ಎತ್ತಿಕೊಂಡು ಓಡಿದ. ಸೊಣ್ಣಮ್ಮಜ್ಜಿಯೂ ಹಿಂದೆಯೇ, ಬರಿಗಾಲಲ್ಲಿ. ಹೋಗುವಾಗ ಚರ್ಚಿನ ಬೀಗದಕೈ ನನ್ನ ಕೈಗೆ ಹಾಕಿದಳು. “ನಾಳೆ ಗಂಟೆ ನೀನೇ ಹೊಡಿ.”

ಕೊಂಡಪ್ಪ ನನ್ನನ್ನೇ ನೋಡುತ್ತಿದ್ದ. ಆಮೇಲೆ ಸೈಕಲ್ ಹತ್ತಿ ಅವರ ಹಿಂದೆ ಹೋದ.

7-4-68, ಗರಿಗಳ ಭಾನುವಾರ, 8.35

ಮೊದಲ ಗಂಟೆ ಹೊಡೆದೆ. ಚರ್ಚಿನ ಹಿಂದಿನ ಕಲ್ಲಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಕೊಂಡಪ್ಪ ಸೈಕಲಿನಲ್ಲಿ ಬಂದು ಹೇಳಿಹೋದ. ನ್ಯುಮೋನಿಯಾ. ಸೂಜಿ ಕೊಡುತ್ತಿದ್ದಾರೆ. ಇನ್ನೊಂದು ದಿನ ತಡವಾಗಿದ್ದರೆ ಅಂತ ಡಾಕ್ಟರು ಬೈದರಂತೆ. ಈಗಲೂ ಏನೂ ಹೇಳುವ ಹಾಗಿಲ್ಲವಂತೆ. ಸೊಣ್ಣಮ್ಮಜ್ಜಿ ಮಂಚದ ಪಕ್ಕ ನೆಲದ ಮೇಲೆ ಕೂತೇ ಇದ್ದಾಳಂತೆ, ತುಟಿ ಅಲ್ಲಾಡದೆ.

ಬಿಷಪ್ಪರ ಜೀಪು ಬಂತು. ಅಯ್ಯನವರು ನನ್ನನ್ನು ಕಂಡು ಜೇಬು ತಟ್ಟಿಕೊಂಡು ನಕ್ಕರು. ಕಾಗದ ಬರೆದು ಇಟ್ಟುಕೊಂಡಿದ್ದಾರೆ. ಮಗ್ಗದ ಮನೆಯವರು ಇಲ್ಲಿಗೆ ಬರುವವರಲ್ಲ. ಇಲ್ಲಿ ಯಾರಿಗೂ ಏನೂ ಗೊತ್ತಿಲ್ಲ. ಆ ಬುಧವಾರ ಹೇಳಿದ್ದನ್ನೇ ಹೇಳಿ ಕೂತರೆ ಆಯಿತು. ಮಾತು ಬಾಯಿಪಾಠ ಇದೆ. ಬಾಯಲ್ಲೇ ಇದೆ, ಉಗುಳಲೂ ಬರುತ್ತಿಲ್ಲ.

ಬೇಡ. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಎದ್ದು ನಿಂತು ಮೊದಲು ಹೀಗನ್ನುವುದು — ‘ಆ ಮಗು ನಾನಲ್ಲ. ಅವಳು ಸೊಣ್ಣಮ್ಮಜ್ಜಿಯ ಮಗಳು. ಅವಳ ಹೆಸರು’

ಹೆಸರು ಕೇಳಲೇ ಇಲ್ಲ. ಇಷ್ಟು ದಿನದಲ್ಲಿ ಒಂದು ಸಲವೂ ಕೇಳಲಿಲ್ಲ.

ಎರಡನೇ ಗಂಟೆಗೆ ಇನ್ನೂ ಇಪ್ಪತ್ತು ನಿಮಿಷ. ಗೋಡೆಗೆ ಅಯ್ಯನವರ ಸೈಕಲ್ ಒರಗಿದೆ. ಆಸ್ಪತ್ರೆಗೆ ಹೋಗಿ ಹೆಸರು ಕೇಳಿಕೊಂಡು ಬಂದು ಗಂಟೆ ಹೊಡೆಯುತ್ತೇನೆ.